ನೇರಳೆಹಕ್ಲಿನ ಹನ್ನೆರಡು ಬೆಂಕಿ ಅಂಗಿ

ನೇರಳೆಹಕ್ಲಿನ ಬಸವರಾಜಪ್ಪನವರು ಬೆಂಕಿ ಸಮಿತಿಯ ಅಧ್ಯಕ್ಷರಾದದ್ದು ನಿದ್ದೆಯಲ್ಲಿ.

ಇದು ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ. ಸಭೆಯ ನಡಾವಳಿ ಪುಸ್ತಕದಲ್ಲೇ ಬರೆದಿದೆ. ‘ಶ್ರೀಯುತರನ್ನು ಕೇಳಲಾಗಿ ಮೂರು ಬಾರಿ ತಲೆಯಾಡಿಸಿ ಸಮ್ಮತಿ ಸೂಚಿಸಿದರು.’ ತಲೆಯಾಡಿಸಿದ್ದು ನಿಜವೇ. ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿ ತಿಂಗಳು, ಊಟವಾದ ಹೊತ್ತು, ಶಾಲೆಯ ಜಗಲಿ, ಪಕ್ಕದ ಎಸ್ಟೇಟಿನ ಕಣದಲ್ಲಿ ಒಣಗುತ್ತಿದ್ದ ಕಾಫಿಯ ಸಿಹಿ ವಾಸನೆ. ಇಷ್ಟೆಲ್ಲ ಕೂಡಿಬಂದ ಮೇಲೂ ಎಚ್ಚರವಾಗಿರುವುದು ಅವರ ಜಾಯಮಾನವಲ್ಲ. ತಲೆ ಮುಂದಕ್ಕೆ ತೂಗಿತು, ಹಿಂದಕ್ಕೆ ಬಂತು, ಮತ್ತೆ ತೂಗಿತು. ಜೊತೆಗೆ ಸಣ್ಣಗೆ ಗೊರಕೆಯೂ ಇತ್ತು. ಅದನ್ನು ಮಾತ್ರ ಪುಸ್ತಕದಲ್ಲಿ ಬರೆಯಲಿಲ್ಲ.

ಎಚ್ಚರವಾದಾಗ ಕೊರಳಲ್ಲಿ ಚೆಂಡುಹೂವಿನ ಹಾರ, ಎದುರಿಗೆ ಚಪ್ಪಾಳೆ. ಬಸವರಾಜಪ್ಪನವರು ಎದ್ದು ನಿಂತು ಕೈಮುಗಿದರು. ಯಾಕೆಂದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡು ಮನೆಗೆ ಬಂದು ಹೆಂಡತಿ ಬಸಮ್ಮನನ್ನು ಕೇಳಿದರು.

“ನಂಗೆ ಎಂತಕ್ಕೆ ಹಾರ ಹಾಕಿದ್ರು?”

“ಗುಡ್ಡಕ್ಕೆ ಬೆಂಕಿ ಬಿದ್ರೆ ಇನ್ಮೇಲೆ ನೀವೇ ಮುಂದೆ ನಿಲ್ಲಬೇಕಂತೆ” ಎಂದಳು ಬಸಮ್ಮ. “ನಿಂತ್ಕೊಂಡು ನಿದ್ದೆ ಮಾಡಕ್ಕೆ ಈಗ್ಲೇ ಅಭ್ಯಾಸ ಮಾಡ್ಕೊಳ್ಳಿ.”

ಊರಿನ ಕೂಡುರಸ್ತೆಯಲ್ಲಿ ಅವರ ಅಂಗಡಿ, ಹಿಂದುಗಡೆಯೇ ಮನೆ. ಉಪ್ಪು, ಹಗ್ಗ, ಸೀಮೆಎಣ್ಣೆ, ಗೋಣಿಚೀಲ. ಮಧ್ಯಾಹ್ನ ಅಂಗಡಿಯಿಂದ ಗೊರಕೆ ಕೇಳಿಸಿತೆಂದರೆ ಗಿರಾಕಿಗಳು ತಾವೇ ಒಳಗೆ ಹೋಗಿ ಬೇಕಾದ್ದನ್ನು ತೂಗಿಕೊಳ್ಳುತ್ತಿದ್ದರು. ಗೊರಕೆ ಇಲ್ಲದ ನಿದ್ದೆ ಅವರಿಗೆ ಗೊತ್ತಿರಲಿಲ್ಲ. ಕನಸಿಲ್ಲದ ನಿದ್ದೆಯೂ ಗೊತ್ತಿರಲಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಕನಸಿನಲ್ಲಿ ನಡೆದದ್ದು ಯಾವುದು, ಎಚ್ಚರದಲ್ಲಿ ನಡೆದದ್ದು ಯಾವುದು ಎಂಬ ಲೆಕ್ಕ ಅವರಿಗೆ ಯಾವತ್ತೂ ಸರಿಯಾಗಿ ಸಿಕ್ಕಿದ್ದಿಲ್ಲ. ಒಮ್ಮೆ ಕನಸಿನಲ್ಲಿ ಪಕ್ಕದ ಮನೆಯ ಸರೋಜಮ್ಮನಿಗೆ ಏಣಿ ಕೊಟ್ಟು, ಎದ್ದ ಮೇಲೆ ಹೋಗಿ ವಾಪಸು ಕೇಳಿದ್ದರು. ಸರೋಜಮ್ಮ ಅರ್ಧ ಗಂಟೆ ವಾದಿಸಿ, ಸುಸ್ತಾಗಿ, ತನ್ನದೇ ಏಣಿಯನ್ನು ಕೊಟ್ಟು ಕಳಿಸಿದ್ದಳು. ಅದು ಇನ್ನೂ ಇವರ ಮನೆಯ ಹಿಂದೆಯೇ ಇದೆ.

ಅಧ್ಯಕ್ಷ ಪದವಿಯ ಜೊತೆಗೆ ಮೂರು ವಸ್ತುಗಳು ಅವರ ವಶಕ್ಕೆ ಬಂದವು: ಒಂದು ಸೀಟಿ, ಒಂದು ರಿಜಿಸ್ಟರು, ಒಂದು ಕಬ್ಬಿಣದ ಟ್ರಂಕು. ಟ್ರಂಕಿನೊಳಗೆ ಬೆಂಕಿ ಅಂಗಿ ಇತ್ತು. ಎಂದೋ ಯಾವುದೋ ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಸಿಕ್ಕಿದ್ದು. ತಲೆಯಿಂದ ಪಾದದವರೆಗೆ ಒಂದೇ ಬೆಳ್ಳನೆಯ ದಪ್ಪ ಅಂಗಿ. ಅದನ್ನು ತೊಟ್ಟವನು ಬೆಂಕಿಯ ಎದುರಿಗೇ ನುಗ್ಗಬಹುದಿತ್ತು. ಕೊಡವಿದರೆ ಮಾತ್ರ ಸುಣ್ಣದಂಥ ಬಿಳಿ ಪುಡಿ ಹಾರುತ್ತಿತ್ತು. ಇಪ್ಪತ್ತು ವರ್ಷದಿಂದ ಅದನ್ನು ತೊಡುತ್ತಿದ್ದವನು ಒಬ್ಬನೇ, ಲಕ್ಕಯ್ಯ.

ಲಕ್ಕಯ್ಯನೆಂದರೆ ಬಸವರಾಜಪ್ಪನವರ ಜೊತೆ ಒಂದನೇ ಕ್ಲಾಸಿನಿಂದ ಒಂದೇ ಮಣೆಯಲ್ಲಿ ಕೂತವನು. ಒಂದು ಎಕರೆ ಗದ್ದೆ, ಅರ್ಧ ಎಕರೆ ಕಾಫಿ, ಊರಿಗೆಲ್ಲ ಧೈರ್ಯ. ಪ್ರತಿ ಬೇಸಿಗೆಯಲ್ಲೂ ಮೇಲಿನ ಹುಲ್ಲುಗುಡ್ಡಕ್ಕೆ ಬೆಂಕಿ ಬಿದ್ದಾಗ ಉಳಿದವರು ಹಸಿ ಸೊಪ್ಪು ಹಿಡಿದು ಬದಿಯಲ್ಲಿ ಬಡಿಯುತ್ತಿದ್ದರು. ಲಕ್ಕಯ್ಯ ಬಿಳಿ ಅಂಗಿ ತೊಟ್ಟು ನಡುವೆ ನುಗ್ಗುತ್ತಿದ್ದ. ಆಮೇಲೆ ಮೂರು ದಿನ ಕೆಮ್ಮುತ್ತಿದ್ದ. ಮೊದಮೊದಲು ಮೂರು ದಿನ. ಆಮೇಲೆ ಮೂರು ತಿಂಗಳು. ಈಗ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ.

ಅಧ್ಯಕ್ಷರಾದ ವಾರದಲ್ಲಿ ಬಸವರಾಜಪ್ಪನವರು ಅವನನ್ನು ಬಲವಂತವಾಗಿ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗಿಯ ವಿಷಯವನ್ನೆಲ್ಲ ಕೇಳಿದರು.

“ಅದು ಕಲ್ನಾರು. ಮನೆ ಮೇಲೆ ಹೊದಿಸೋ ಸಿಮೆಂಟ್ ಶೀಟಲ್ಲಿ ಇರುತ್ತಲ್ಲ, ಅದೇ ನಾರು. ಪುಡಿ ಒಳಗೆ ಹೋದ್ರೆ ಎದೆಯಲ್ಲೇ ಕೂತ್ಕೊಳ್ಳುತ್ತೆ, ಹೊರಗೆ ಬರಲ್ಲ. ಇನ್ನೊಂದು ಸಲ ಆ ಅಂಗಿ ಮುಟ್ಟಬೇಡಿ.”

ಬಸ್‌ಸ್ಟ್ಯಾಂಡಿನಲ್ಲಿ ಲಕ್ಕಯ್ಯ ನಕ್ಕುಬಿಟ್ಟ. “ಮುಟ್ಟದೇ ಇದ್ರೆ ಬೆಂಕಿ ಆರ್ಸೋದು ಯಾರು ಮಾರಾಯ? ಊರವ್ರು ನನ್ನ ಮುಖ ನೋಡ್ತಾರೆ. ನೀನು ಇದನ್ನ ಯಾರ ಹತ್ರನೂ ಬಾಯಿ ಬಿಡ್ಬೇಡ, ಆಣೆ.”

ಬಸವರಾಜಪ್ಪನವರು ಮನಸ್ಸಿನಲ್ಲೇ ವಾರ ಎಣಿಸಿದರು. ಬೆಂಕಿಯ ಕಾಲಕ್ಕೆ ಉಳಿದಿದ್ದದ್ದು ಆರೇ ವಾರ. ಅಷ್ಟರೊಳಗೆ ಬೇರೆ ಅಂಗಿ ಬರದಿದ್ದರೆ ಇವನು ಮತ್ತೆ ಅದನ್ನೇ ತೊಡುತ್ತಾನೆ.

ಅವರು ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ಮುಂದಕ್ಕೆ ಹಾಕದೆ ಮಾಡಿದರು. ಮರುದಿನವೇ ಅರ್ಜಿ ಬರೆದರು: ‘ನಮ್ಮ ಬೆಂಕಿ ಸಮಿತಿಯ ಹನ್ನೆರಡು ಜನರಿಗೆ ಹನ್ನೆರಡು ಅಂಗಿಗಳನ್ನು ಸರ್ಕಾರದ ಹಣದಲ್ಲಿ ಕೊಡಿಸಬೇಕು. ಅದರಲ್ಲಿ ಕಲ್ನಾರು ಇರಬಾರದು. ಮೂಗಿಗೆ ಹೊಡೆಯುವ ಮದ್ದು ಬಳಿದಿರಬಾರದು. ಬೆಂಕಿಯಿಂದ ಉಳಿದವನು ಅಂಗಿಯಿಂದ ಸಾಯಬಾರದು.’ ಮಡಿಸಿ ಜೇಬಿನಲ್ಲಿಟ್ಟರೆ ಬೆವರಿಗೆ ಹಾಳಾಗುತ್ತದೆಂದು ಅದನ್ನು ಕೊಡೆಯ ಮಡಿಕೆಯೊಳಗೆ ಜೋಪಾನವಾಗಿಟ್ಟು, ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದೆ ಸಿಕ್ಕಿಸಿಕೊಂಡು ಕಚೇರಿಗೆ ಹೋದರು. ನಮ್ಮ ಕಡೆ ಗಂಡಸರು ಮಳೆಯಿಲ್ಲದಿದ್ದರೂ ಕೊಡೆಯಿಲ್ಲದೆ ಹೊರಡುವುದಿಲ್ಲ. ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿಯ ಬೆಂಚು ಬಹಳ ಒಳ್ಳೆಯದು ಎಂದಷ್ಟೇ ಹೇಳಬಹುದು.

ಆ ಬೆಂಚಿನ ಮೇಲೆ ಫ್ಯಾನಿನ ಗಾಳಿ ಬರುತ್ತಿತ್ತು. “ಸಾಹೇಬ್ರು ಊಟಕ್ಕೆ ಹೋಗಿದಾರೆ” ಎಂದು ಯಾರೋ ಹೇಳಿದರು.

ಸಾಹೇಬರು ಬಂದರು. ದೊಡ್ಡ ಮೀಸೆ. ಮೇಜಿನ ಮೇಲೆಲ್ಲ ಕಾಫಿ ಹೂವು ಬಿದ್ದಿತ್ತು. ಫೈಲುಗಳ ಮೇಲೂ ಬಿಳಿ ಹೂವು, ಶಾಯಿಯ ದವಾತಿಯಲ್ಲೂ ಹೂವು. ಗೋಡೆಯೇ ಇರಲಿಲ್ಲ, ಅಲ್ಲಿಂದಲೇ ಗುಡ್ಡ ಶುರುವಾಗುತ್ತಿತ್ತು. ಗುಡ್ಡದ ಮೇಲೆ ಬೆಂಕಿಯು ಹಗ್ಗ ಬಿಚ್ಚಿಬಿಟ್ಟ ಕರುವಿನಂತೆ ಅತ್ತಿಂದಿತ್ತ ಓಡಾಡುತ್ತಿತ್ತು. ಹನ್ನೆರಡು ಜನ ಸಾಲಾಗಿ, ಅವಸರವಿಲ್ಲದೆ, ಹೂವಿನಷ್ಟು ಬೆಳ್ಳಗಿನ, ಹಗುರಾದ ಅಂಗಿ ತೊಟ್ಟು ಅದರೊಳಗೆ ನಡೆದುಹೋದರು. ಕೊನೆಯವನು ಲಕ್ಕಯ್ಯ. ಅವನು ಕೆಮ್ಮುತ್ತಿರಲಿಲ್ಲ. ಸಾಹೇಬರು ಮೀಸೆ ಸವರಿಕೊಂಡು “ಹನ್ನೆರಡೂ ಮಂಜೂರು” ಎಂದು ಸಹಿ ಹಾಕಿದರು.

ಕಚೇರಿಯ ಬಾಗಿಲು ಹಾಕುವವನು ಭುಜ ಅಲುಗಿಸಿದಾಗ ಸಂಜೆ ಐದೂವರೆ. ಬಸವರಾಜಪ್ಪನವರು ತೃಪ್ತಿಯಿಂದ ಕೈಮುಗಿದು ಕೊನೆಯ ಬಸ್ಸು ಹಿಡಿದರು.

ಮರುದಿನ ಅಂಗಡಿಯ ಮುಂದೆ ಪಂಚಾಯ್ತಿ ಅಧ್ಯಕ್ಷ ಶಶಿಧರ್ ಜೀಪು ನಿಲ್ಲಿಸಿದ. ಅಪ್ಪನ ಎಸ್ಟೇಟು, ಹೊಸ ಪದವಿ, ಪೇಪರಿನಲ್ಲಿ ಫೋಟೋ ಬರಬೇಕೆಂಬ ಆಸೆ, ಮೂರೂ ಇದ್ದ ಹುಡುಗ.

“ಏನ್ ಬಸವರಾಜಪ್ಪೋರೇ, ಅಧ್ಯಕ್ಷರಾಗಿ ಎಂತ ಕಡಿದು ಗುಡ್ಡೆ ಹಾಕಿದ್ರಿ?”

ಗಿರಾಕಿಗಳ ಮುಂದೆ ಕೇಳಿದ್ದು ಸ್ವಲ್ಪ ಚುಚ್ಚಿತು. “ಹನ್ನೆರಡು ಬೆಂಕಿ ಅಂಗಿ ಮಂಜೂರಾಗಿದೆ. ವಿಷ ಇಲ್ಲದ್ದು” ಎಂದರು. ಹೇಳುವಾಗ ಎಲ್ಲೋ ಒಂದು ಕಡೆ ಸಣ್ಣ ಅನುಮಾನ ಬಂತು. ಕಚೇರಿಯಲ್ಲಿ ಗೋಡೆ ಇರಲಿಲ್ಲವಲ್ಲ? ಆದರೆ ಅಷ್ಟರಲ್ಲಿ ಜನ ಸೇರಿಯಾಗಿತ್ತು.

ಮಂಜೂರಾದ ಸುದ್ದಿ ಸಂಜೆಯೊಳಗೆ ಪಕ್ಕದೂರು ಜಾವಳಿ ಮುಟ್ಟಿ, ಮರುದಿನ ಕಳಸದ ಬಸ್ಸಿನಲ್ಲಿ ಹನ್ನೆರಡು ಇಪ್ಪತ್ತನಾಲ್ಕಾಗಿ ವಾಪಸು ಬಂತು. ಸರೋಜಮ್ಮ ಮೊದಲ ಬೇಡಿಕೆ ಇಟ್ಟಳು.

“ನಂಗೊಂದು ಇರ್ಲಿ ಬಸಣ್ಣ. ಮಳೆಗಾಲದಲ್ಲಿ ಕೊಟ್ಟಿಗೆಗೆ ಹೋಗಕ್ಕೆ. ಬೆಂಕಿನೇ ಒಳಗೆ ಬರಲ್ಲ ಅಂದ್ಮೇಲೆ ಜಿಗಣೆ ಬರುತ್ತಾ?”

ಮೆಣಸು ಕೊಯ್ಯುವವರು ಕೆಂಪಿರುವೆಗಾಗಿ ಎರಡು ಕೇಳಿದರು. ಯಾರೋ ಜೇನು ಇಳಿಸುವುದಕ್ಕೆ ಕೇಳಿದರು. ಒಬ್ಬರು ಮಗನ ಮದುವೆಯಲ್ಲಿ ಅಡುಗೆ ಭಟ್ಟರಿಗೆ ಒಂದು ದಿನದ ಮಟ್ಟಿಗೆ ಸಿಗಬಹುದೇ ಎಂದು ವಿಚಾರಿಸಿದರು. ದರ್ಜಿ ದಿಲೀಪ್ ಟೇಪು ಹಿಡಿದು ಬಂದು, ಸರ್ಕಾರದ ಬಟ್ಟೆ ಯಾರಿಗೂ ಸರಿಯಾಗಿ ಕೂರುವುದಿಲ್ಲ, ಅಳತೆ ಮೊದಲೇ ಕಳಿಸುವುದು ಒಳ್ಳೆಯದು ಎಂದು ಹನ್ನೆರಡು ಜನರ ಅಳತೆ ತೆಗೆದ. ಬಸವರಾಜಪ್ಪನವರದ್ದನ್ನು ಮಧ್ಯಾಹ್ನ ತೆಗೆದ. ಅವರು ಗೋಣಿಚೀಲಗಳ ಮೇಲೆ ಒರಗಿದ್ದರು, ಎಬ್ಬಿಸುವುದು ಬೇಡವೆಂದು ಹಾಗೆಯೇ ಅಳೆದುಕೊಂಡು ಹೋದ.

ಲಕ್ಕಯ್ಯ ಮಾತ್ರ ಏನನ್ನೂ ಬೇಡದೆ ಅಂಗಡಿಗೆ ಬಂದು ಉಪ್ಪಿನ ಮೂಟೆಯ ಮೇಲೆ ಕೂತ. “ನಿಜವಾಗ್ಲೂ ಬರುತ್ತಾ ಬಸವ?” ಎಂದ.

“ಮಂಜೂರಾಗಿದೆ ಅಂದ್ನಲ್ಲ.”

“ಬೆಂಕಿ ಬೀಳೋದ್ರೊಳಗೆ?”

ಬಸವರಾಜಪ್ಪನವರು ತಲೆಯಾಡಿಸಿದರು. ಈ ಸಲ ಎಚ್ಚರದಲ್ಲಿದ್ದೇ ಆಡಿಸಿದರು. ಅದಕ್ಕೇ ಅವರಿಗೆ ಭಯವಾಯಿತು.

ಇತ್ತ ಶಶಿಧರ್ ಸುಮ್ಮನಿರಲಿಲ್ಲ. ಈ ಕೀರ್ತಿ ಪಕ್ಕದ ಪಂಚಾಯ್ತಿಯ ಪಾಲಾಗುವ ಮೊದಲೇ ಕಾಗದದ ಮೇಲೆ ಬರಬೇಕೆಂದು ತುರ್ತು ಸಭೆ ಕರೆದು ಅಭಿನಂದನಾ ನಿರ್ಣಯ ಮಾಡಿಸಿದ. ‘ತಾವು ದಯಪಾಲಿಸಿದ ಹನ್ನೆರಡು ವಿಷರಹಿತ ಬೆಂಕಿ ಅಂಗಿಗಳಿಗಾಗಿ ನೇರಳೆಹಕ್ಲಿನ ಸಮಸ್ತ ನಾಗರಿಕರು ಚಿರಋಣಿಗಳು’ ಎಂದು ಬರೆಸಿ, ಮೊಹರು ಹಾಕಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಚೇರಿಗೆ ಕಳಿಸಿಬಿಟ್ಟ.

ಕಚೇರಿಗೆ ಬೈಗುಳದ ಪತ್ರ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಬೈಗುಳಕ್ಕೆ ಅಲ್ಲಿ ಬೇರೆಯೇ ಕಪಾಟಿತ್ತು. ಧನ್ಯವಾದ ಪತ್ರ ಬಂದದ್ದು ಅದೇ ಮೊದಲು. ಅದನ್ನು ಓದಿ ಮೂರು ಟೇಬಲಿನವರು ಬೆವರಿದರು. ಹನ್ನೆರಡು ಅಂಗಿ ಕೊಟ್ಟವರು ಯಾರು? ಯಾವ ಲೆಕ್ಕದಲ್ಲಿ? ಫೈಲೆಲ್ಲಿ? ಕೊಟ್ಟಿಲ್ಲ ಎಂದು ಬರೆಯೋಣವೆಂದರೆ ತಲುಪಿದೆ ಎಂದು ಊರಿಗೆ ಊರೇ ಮೊಹರು ಹಾಕಿ ಹೇಳುತ್ತಿದೆ. ಕೊಟ್ಟಿದ್ದೇವೆ ಎನ್ನೋಣವೆಂದರೆ ಕಾಗದವಿಲ್ಲ. ಒಂದು ತಿಂಗಳು ಕಪಾಟುಗಳನ್ನೆಲ್ಲ ಹೊರಗೆ ಹಾಕಿ ಧೂಳು ಕೊಡವಿದರು. ಕೊನೆಗೆ ಪ್ರೇಮಕುಮಾರಿ ಎಂಬ ಅಧಿಕಾರಿಯನ್ನು, ಅಂಗಿಗಳನ್ನು ಕಣ್ಣಾರೆ ಕಂಡು ಎಣಿಸಿಕೊಂಡು ಬರುವಂತೆ ನೇರಳೆಹಕ್ಲಿಗೆ ಕಳಿಸಿದರು.

ಅಧಿಕಾರಿ ಬರುವ ಸುದ್ದಿ ಊರಿಗೆ ಬಂದದ್ದು ಬೇರೆ ರೀತಿಯಲ್ಲಿ: ಅಂಗಿ ತರುತ್ತಿದ್ದಾರೆ!

ಮಾರ್ಚ್ ಎರಡನೇ ವಾರ. ಹತ್ತು ದಿನದ ಹಿಂದೆ ಎಸ್ಟೇಟಿನವರೆಲ್ಲ ಸ್ಪ್ರಿಂಕ್ಲರ್ ಹಾಯಿಸಿದ್ದರಿಂದ ತೋಟಗಳಲ್ಲಿ ಕಾಫಿ ಒಟ್ಟಿಗೇ ಅರಳಿತ್ತು. ಕಂಡಲ್ಲೆಲ್ಲ ಬಿಳುಪು. ಮಲ್ಲಿಗೆಗಿಂತ ಒಂದು ತೂಕ ಜಾಸ್ತಿಯೇ ಎನ್ನಿಸುವ ಆ ಪರಿಮಳದಲ್ಲಿ ಇಡೀ ಊರು ಅರೆಗಣ್ಣಾಗಿತ್ತು. ಬಸವರಾಜಪ್ಪನವರ ಗತಿ ಕೇಳುವುದೇ ಬೇಡ. ಆದರೆ ಅವರು ನಿದ್ದೆ ಮಾಡುತ್ತಿರಲಿಲ್ಲ. ಮೇಲಿನ ಗುಡ್ಡದಲ್ಲಿ ಹುಲ್ಲು ಒಣಗಿ ಬೆಳ್ಳಗಾಗಿತ್ತು. ದಿನಕ್ಕೆ ನಾಲ್ಕು ಸಲ ಅಂಗಡಿಯಿಂದ ಹೊರಗೆ ಬಂದು ಅದನ್ನು ನೋಡುತ್ತಿದ್ದರು.

ಜೀಪು ಬಂದು ನಿಂತಿತು. ಸ್ವಾಗತಕ್ಕೆ ಕಟ್ಟಿದ್ದ ಮಾವಿನ ತೋರಣದಲ್ಲಿ ಅರ್ಧವನ್ನು ಸರೋಜಮ್ಮನ ಹಸು ಗೌರಿ ಆಗಲೇ ತಿಂದಿತ್ತು. ಈ ಗೌರಿ ಆ ಊರಿನಲ್ಲಿ ತಿನ್ನದೆ ಬಿಟ್ಟ ವಸ್ತುವಿಲ್ಲ. ಚುನಾವಣೆಯ ಪೋಸ್ಟರು, ಮೇಸ್ತ್ರಿಯ ಟೋಪಿ, ಶಾಲೆಯ ಭೂಪಟದಲ್ಲಿ ಹಿಮಾಲಯದವರೆಗಿನ ಭಾಗ, ಎಲ್ಲ ಅದರ ಹೊಟ್ಟೆ ಸೇರಿದ್ದವು.

ಜೀಪಿನಿಂದ ಇಳಿದವರ ಮುಖವನ್ನು ಬಸವರಾಜಪ್ಪನವರು ಎರಡೆರಡು ಸಲ ನೋಡಿದರು. ಮೀಸೆಯಿಲ್ಲ! ನಲವತ್ತರ ಹೆಂಗಸು, ಹೆಗಲಿಗೆ ಚೀಲ, ಮುಖದ ಮೇಲೆ ಬಿಸಿಲು. ಏನೇ ಇರಲಿ, ಅತಿಥಿಯಲ್ಲವೇ? ಅವರು ಓಡಿಹೋಗಿ ಕಾಲರಿನಿಂದ ಕೊಡೆ ತೆಗೆದು ಆಕೆಯ ತಲೆಯ ಮೇಲೆ ಬಿಚ್ಚಿ ಹಿಡಿದರು.

ಕೊಡೆಯೊಳಗಿಂದ ಒಂದು ಕಾಗದ ಜಾರಿ ಪ್ರೇಮಕುಮಾರಿಯವರ ತಲೆಯ ಮೇಲೆ ಬಿತ್ತು.

ಬಸವರಾಜಪ್ಪನವರು ತಮ್ಮ ಅಕ್ಷರವನ್ನು ದೂರದಿಂದಲೇ ಗುರುತಿಸಿದರು. ಮೀಸೆ, ಹೂವು, ಗೋಡೆಯಿಲ್ಲದ ಕಚೇರಿ, ಎಲ್ಲ ಒಂದೇ ಸಲಕ್ಕೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ತಾವು ಅರ್ಜಿಯನ್ನು ಕೊಟ್ಟೇ ಇರಲಿಲ್ಲ. ಬೆಂಚಿನ ಮೇಲೆ ಮಲಗಿ ಎದ್ದು ಬಂದದ್ದಷ್ಟೇ. ಊರಿನ ಮುಂದೆ ಮಾನ ಹೋದದ್ದಕ್ಕಿಂತ ಹೆಚ್ಚಾಗಿ, ಗುಂಪಿನಲ್ಲಿ ನಿಂತು ಜೀಪಿನ ಹಿಂಬದಿಯನ್ನೇ ಆಸೆಯಿಂದ ನೋಡುತ್ತಿದ್ದ ಲಕ್ಕಯ್ಯನನ್ನು ಕಂಡು ಅವರಿಗೆ ಅಳು ಬಂತು.

ಪ್ರೇಮಕುಮಾರಿಯವರು ಕಾಗದ ಓದಿದರು. ಓದುತ್ತಾ ಅವರ ಮುಖ ಅರಳಿತು. “ಅಯ್ಯೋ ದೇವರೇ, ಮೂಲ ಅರ್ಜಿ! ಇದೊಂದು ಸಿಕ್ಕದೆ ನಾವು ಒಂದು ತಿಂಗಳಿಂದ ಕಚೇರಿ ಬುಡಮೇಲು ಮಾಡಿದ್ದೀವಿ. ಅಂತೂ ಸಿಕ್ತಲ್ಲ! ಸರಿ, ಅಂಗಿ ತೋರಿಸಿ. ಎಣಿಸ್ಕೊಂಡು ಹೋಗ್ತೀನಿ.”

“ತೋರ್ಸೋದಾ?” ಎಂದ ಶಶಿಧರ್. “ತಂದಿರೋದು ನೀವಲ್ವಾ ಮೇಡಂ?”

“ನಾವ್ಯಾಕೆ ತರೋಣ? ತಲುಪಿದೆ ಅಂತ ನೀವೇ ಬರೆದಿದ್ದೀರಲ್ಲ. ಚಿರಋಣಿಗಳು ಅಂತ.”

“ಮಂಜೂರು ಮಾಡಿದ್ದು ನೀವೇ ಅಲ್ವಾ?”

“ಮಾಡಿದ್ದು ಯಾರು ಅಂತ ಕೇಳಕ್ಕೇ ಅಲ್ವಾ ನಾನು ಬಂದಿರೋದು!”

ಇಬ್ಬರೂ ಒಟ್ಟಿಗೆ ಬಸವರಾಜಪ್ಪನವರ ಕಡೆ ತಿರುಗಿದರು. ಊರೂ ತಿರುಗಿತು. ಬಸವರಾಜಪ್ಪನವರು ಬಾಯಿ ತೆರೆದರು. ಸತ್ಯವನ್ನೇ ಹೇಳುವವರಿದ್ದರು, ಅದರಲ್ಲಿ ಸಂಶಯವಿಲ್ಲ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಕೂಗಿದರು.

“ಹೊಗೆ! ಗುಡ್ಡದಲ್ಲಿ ಹೊಗೆ!”

ನೇರಳೆಹಕ್ಲಿನ ನೆತ್ತಿಯ ಮೇಲೆ ಹೊಗೆ ಏಳುತ್ತಿತ್ತು. ಅದರ ಬುಡದಲ್ಲಿ ಕೆಂಪಗಿನ ಗೆರೆ. ಗಾಳಿ ಕೆಳಮುಖವಾಗಿತ್ತು, ತಡೆಯದಿದ್ದರೆ ಸಂಜೆಯೊಳಗೆ ಅರಳಿ ನಿಂತ ತೋಟಗಳಿಗೆ ಇಳಿಯುತ್ತಿತ್ತು. ಗುಂಪು ಚೆದುರಿತು. ಕತ್ತಿ, ಸೊಪ್ಪು, ಕೊಡ ಎಂದು ಆಳಿಗೊಂದು ದಿಕ್ಕಿಗೆ ಓಡಿದರು. ಲಕ್ಕಯ್ಯ ಮಾತ್ರ ನೇರವಾಗಿ ಅಂಗಡಿಯ ಕಡೆ ನಡೆದ, ಅಲ್ಲಿಟ್ಟಿದ್ದ ಟ್ರಂಕಿನ ಕಡೆ.

ಬಸವರಾಜಪ್ಪನವರು ಅಷ್ಟು ಜೋರಾಗಿ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಹಿತ್ತಲಿನ ಬಾಗಿಲಿನಿಂದ ಒಳಗೆ ನುಗ್ಗಿ, ಲಕ್ಕಯ್ಯ ಮೆಟ್ಟಿಲು ಹತ್ತುವುದರೊಳಗೆ ಟ್ರಂಕಿನ ಮೇಲೆ ಕೂತು, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡುಬಿಟ್ಟರು. ನಿದ್ದೆಯ ವಿಷಯದಲ್ಲಿ ಅವರಿಗೆ ಐವತ್ತು ವರ್ಷದ ಅನುಭವ. ತಲೆ ಎಡಕ್ಕೆ ವಾಲಿಸಿದರು, ಬಾಯಿ ಅರ್ಧ ತೆರೆದರು, ಒಂದು ಕೈಯನ್ನು ಜೋತುಬಿಟ್ಟರು.

“ಬಸವ, ಏಳು!”

ಏಳಲಿಲ್ಲ.

“ಏಳೋ ಮಾರಾಯ, ಬೆಂಕಿ ಬಿದ್ದಿದೆ!”

ಶಶಿಧರ್ ಬಂದು ಭುಜ ಹಿಡಿದು ಅಲುಗಿಸಿದ. ದಿಲೀಪ್ ಕಾಲು ಎಳೆದ. ಸರೋಜಮ್ಮ ಒಂದು ಚೊಂಬು ನೀರು ತಂದು ಮುಖಕ್ಕೆ ಎರಚಿದಳು. ನೀರು ಮೂಗಿನೊಳಗೆ ಹೋಯಿತು, ಸೀನು ಗಂಟಲಿನವರೆಗೆ ಬಂತು, ಅದನ್ನು ನುಂಗಿದರು. ಮುಚ್ಚಿದ ಕಣ್ಣಿನ ಹಿಂದೆ, ಜನ್ಮದಲ್ಲಿ ಮೊದಲ ಸಲ, ಕನಸೂ ಇರಲಿಲ್ಲ ನಿದ್ದೆಯೂ ಇರಲಿಲ್ಲ. ಲಕ್ಕಯ್ಯನ ಕೆಮ್ಮು ಮಾತ್ರ ಬಹಳ ಹತ್ತಿರದಲ್ಲಿ ಕೇಳಿಸುತ್ತಿತ್ತು.

ಬಸಮ್ಮ ಒಳಗಿನಿಂದ ಬಂದು ಗಂಡನನ್ನು ನೋಡಿದಳು. ಕಾಲಿನ ಹೆಬ್ಬೆರಳು ನೆಲಕ್ಕೆ ಒತ್ತಿ ಬಿಳಿಚಿಕೊಂಡದ್ದನ್ನೂ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು.

“ಅವ್ರನ್ನ ಎಬ್ಬಿಸಕ್ಕೆ ನಮ್ಮಪ್ಪನ ಕೈಲೂ ಆಗಿಲ್ಲ” ಎಂದಳು. “ಒಬ್ಬನೇ ಅಂಗಿ ಹಾಕ್ಕೊಂಡು ಎದುರಿಗೆ ನುಗ್ಗೋದು ಎಂತಕ್ಕೆ? ನಮ್ಮ ಮಾವನ ಕಾಲದಲ್ಲಿ ಕಂಬಳಿ ನೆನೆಸಿ ಹೊದ್ಕೊಂಡು ಎಲ್ರೂ ಸಾಲಾಗಿ ಹೋಗ್ತಿರ್ಲಿಲ್ವಾ? ಉಣ್ಣೆಗೆ ಬೆಂಕಿ ಹತ್ತುತ್ತಾ? ಹೋಗಿ, ಮನೇಲಿರೋ ಕಂಬಳಿ ಎಲ್ಲ ತನ್ನಿ. ತೊಟ್ಟಿ ತುಂಬ ನೀರಿದೆ.”

ಲಕ್ಕಯ್ಯ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತ. ಬಸವರಾಜಪ್ಪನವರ ಮುಖವನ್ನೇ ನೋಡುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಮೆಟ್ಟಿಲು ಇಳಿದುಹೋದ.

ಹೆಜ್ಜೆಯ ಸದ್ದು ದೂರವಾದ ಮೇಲೆ ಅವರು ಒಂದು ಕಣ್ಣು ತೆರೆದರು. ಎದುರಿಗೆ ಪ್ರೇಮಕುಮಾರಿಯವರು ಚೀಲ ಅಪ್ಪಿಕೊಂಡು ನಿಂತಿದ್ದರು.

“ಮೇಡಂ, ಒಂದು ಉಪಕಾರ ಮಾಡಿ” ಎಂದರು ಬಸವರಾಜಪ್ಪನವರು, ಸೀನುತ್ತಾ. “ಇದ್ರ ಮೇಲೆ ಕೂತ್ಕೊಳ್ಳಿ. ಯಾರು ಬಂದು ಕೇಳಿದ್ರೂ ಏಳ್ಬೇಡಿ. ಒಳಗಿರೋದು ಕಲ್ನಾರು. ಅದನ್ನ ಹಾಕ್ಕೊಂಡೇ ನಮ್ಮ ಲಕ್ಕಯ್ಯ ಸಾಯ್ತಿದಾನೆ.”

ಸರ್ಕಾರಿ ಅಧಿಕಾರಿಯೊಬ್ಬರು ಕರ್ತವ್ಯದ ಮೇಲೆ ಬಂದು ಉಪ್ಪಿನ ಮೂಟೆಗಳ ನಡುವೆ ಟ್ರಂಕಿನ ಮೇಲೆ ಕೂತದ್ದು ಹೀಗೆ. ಬಸವರಾಜಪ್ಪನವರು ಮೂಲೆಯಲ್ಲಿದ್ದ ಕಂಬಳಿಯನ್ನು ತೊಟ್ಟಿಯಲ್ಲಿ ಅದ್ದಿ, ಮಳೆಗಾಲದಲ್ಲಿ ಕೊಪ್ಪೆ ಹಾಕುವ ಹಾಗೆ ತಲೆಯ ಮೇಲೆ ಮಡಿಸಿಕೊಂಡು ಗುಡ್ಡ ಹತ್ತಿದರು.

ಮೇಲೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಬೆಂಕಿಗೆ ಎದುರಾಗಿ ಯಾರೂ ಹೋಗಿರಲಿಲ್ಲ. ಎರಡು ಬದಿಯಿಂದ ಹಸಿ ಸೊಪ್ಪಿನಲ್ಲಿ ಬಡಿಯುತ್ತಾ, ಕೆಳಗಡೆ ಹುಲ್ಲು ಸವರಿ ಬೆಂಕಿಗೆರೆ ತೆಗೆಯುತ್ತಾ, ಹೆಗಲಿಗೆ ಹೆಗಲು ತಾಗಿಸಿ ಮುಂದುವರಿಯುತ್ತಿದ್ದರು. ಒದ್ದೆ ಕಂಬಳಿಗಳಿಂದ ಹಬೆ ಏಳುತ್ತಿತ್ತು. ಬಸವರಾಜಪ್ಪನವರು ಸಾಲಿನ ತುದಿಯಲ್ಲಿ ಸೇರಿಕೊಂಡು ಬಡಿದರು; ಸೊಪ್ಪಿನಲ್ಲಿ ಅರ್ಧ ಪೆಟ್ಟು ಬೆಂಕಿಗೆ ಬಿತ್ತು, ಅರ್ಧ ದಿಲೀಪನಿಗೆ ಬಿತ್ತು. ಕೆಳಗಿನಿಂದ ಕಾಫಿ ಹೂವಿನ ಪರಿಮಳ ಅಲೆಅಲೆಯಾಗಿ ಬಂದು ಹೊಗೆಯಲ್ಲಿ ಬೆರೆಯಿತು. ಬೆಂಕಿ ಅತ್ತಿಂದಿತ್ತ ಓಡಾಡಿ, ಸಣ್ಣದಾಗಿ, ಒಂದೊಂದೇ ಕಡೆ ಮಲಗಿತು. ಇದನ್ನು ತಾವು ಹಿಂದೆ ಎಲ್ಲೋ ಕಂಡದ್ದುಂಟು ಎನ್ನಿಸಿತು ಅವರಿಗೆ. ಅಂಗಿಗಳು ಮಾತ್ರ ಬಿಳಿಯಲ್ಲ, ಕರಿ.

ಹೊತ್ತು ಮುಳುಗುವಾಗ ಹನ್ನೆರಡು ಜನ ಹಬೆಯಾಡುತ್ತಾ ಗುಡ್ಡ ಇಳಿದು ಬಂದರು. ಪ್ರೇಮಕುಮಾರಿಯವರು ಅಂಗಡಿಯ ಬಾಗಿಲಿನ ಮೂಲಕ ಅದನ್ನು ನೋಡಿದರು. ಕೂತ ಜಾಗದಿಂದ ಎದ್ದಿರಲಿಲ್ಲ. ಬೆರಳು ಮಡಿಸಿ ಎಣಿಸಿದರು. ಹನ್ನೆರಡೇ.

ಆಗ ಬಸವರಾಜಪ್ಪನವರು ಊರಿನ ಮುಂದೆ ನಿಂತು ಬೆಂಚು, ಮೀಸೆ, ಕೊಡೆ, ಎಲ್ಲವನ್ನೂ ಹೇಳಿದರು. ಲಕ್ಕಯ್ಯನ ಎದೆಯ ವಿಷಯ ಮಾತ್ರ ಹೇಳಲಿಲ್ಲ, ಆಣೆಯನ್ನು ಮೇಡಂ ಮುಂದೆ ಒಂದು ಸಲ ಮುರಿದದ್ದೇ ಸಾಕಾಗಿತ್ತು. ಯಾರೂ ನಗಲಿಲ್ಲ, ದಣಿದಿದ್ದರು. ಸರೋಜಮ್ಮ ಒಬ್ಬಳೇ, “ಹಂಗಾದ್ರೆ ನನ್ನ ಏಣಿ?” ಎಂದು ಕೇಳಿದಳು.

ಪ್ರೇಮಕುಮಾರಿಯವರು ಚೀಲದಿಂದ ಕಾಗದ ತೆಗೆದರು. “ಅರ್ಜಿ ಸಿಕ್ತು. ಧನ್ಯವಾದ ಪತ್ರ ಕಚೇರಿಯಲ್ಲಿದೆ. ನಡುವಿನ ಮಂಜೂರಾತಿಯೊಂದು ಇಲ್ಲ, ಅಷ್ಟೇ. ಅದನ್ನ ನಾನು ಮಾಡ್ತೀನಿ. ಇವತ್ತಿನ ತಾರೀಖೇ ಹಾಕಿ, ಸುಳ್ಳು ಬರೆಯದೆ ಮಾಡ್ತೀನಿ.” ಹೋಗುವಾಗ ಟ್ರಂಕಿಗೆ ಮೊಹರು ಹಾಕಿ, ಹಗ್ಗ ಬಿಗಿದು, ಜೀಪಿನಲ್ಲೇ ತೆಗೆದುಕೊಂಡು ಹೋದರು.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತೆಂದಲ್ಲ. ಮಳೆಗಾಲ ಮುಗಿದ ಮೇಲೆ ಯಾವುದೋ ಕಂಪನಿಯವನು ಮಿರಮಿರ ಮಿಂಚುವ ಬಟ್ಟೆಯ ತುಂಡು ತಂದ. ಅಗ್ಗ, ಹಗುರ, ನೀರೂ ತಾಗದು, ಬೆಂಕಿಯೂ ತಾಗದು, ಏನೋ ಲೇಪ ಹಾಕಿದ್ದಾರಂತೆ. ಏನದು ಎಂದರೆ ಹೇಳಲಿಲ್ಲ. ಪ್ರೇಮಕುಮಾರಿಯವರು ಆ ತುಂಡಿನ ಜೊತೆಗೆ ಲೇಪವಿಲ್ಲದ ಉಣ್ಣೆ ಬಟ್ಟೆಯ ತುಂಡನ್ನೂ ಹಿಡಿದು ಊರಿಗೆ ಬಂದರು. ಸರೋಜಮ್ಮ ಎರಡನ್ನೂ ಕೈಯಿಂದ ಕಿತ್ತುಕೊಂಡು ಗೌರಿಯ ಮುಂದೆ ಹಿಡಿದಳು. ಗೌರಿ ಮಿಂಚುವ ತುಂಡನ್ನು ಮೂಸಿತು, ಮೂರು ಹೆಜ್ಜೆ ಹಿಂದಕ್ಕೆ ಸರಿಯಿತು. ಅದು ಹಿಂದೆ ಸರಿದದ್ದನ್ನು ಊರು ಕಂಡದ್ದು ಅದೇ ಮೊದಲು. ಆಮೇಲೆ ಉಣ್ಣೆಯ ತುಂಡನ್ನು ಪೂರ್ತಿ ತಿಂದಿತು. ಅಧಿಕಾರಿ ಗಂಭೀರವಾಗಿ ಬರೆದುಕೊಂಡರು: ‘ಮೊದಲನೆಯದರಲ್ಲಿ ಏನಿದೆ ಎಂದು ಕಂಪನಿ ತಿಳಿಸಿಲ್ಲ, ತಿರಸ್ಕರಿಸಿದೆ. ಎರಡನೆಯದು ಉಳಿದಿಲ್ಲ, ಸ್ವೀಕರಿಸಿದೆ.’

ಮರುವರ್ಷ ಫೆಬ್ರವರಿಯಲ್ಲಿ ಮಂಜೂರಾತಿಯ ಪತ್ರ ಬಂತು; ಹಿಂದೆಯೇ ಬಟ್ಟೆಯೂ ಬಂತು. ಬಸವರಾಜಪ್ಪನವರು ಪತ್ರವನ್ನು ಮೂರು ಸಲ ಓದಿ, ನಂಬಿಕೆ ಬಾರದೆ, ಅಂಗಡಿಗೆ ಗೋಡೆ ಇದೆಯೇ ಎಂದು ಕೈಯಿಂದ ತಟ್ಟಿ ನೋಡಿದರು. ಇತ್ತು. ದಿಲೀಪ್ ಹಳೆಯ ಅಳತೆಯಲ್ಲೇ ಹನ್ನೆರಡು ಅಂಗಿ ಹೊಲಿದ. ಹನ್ನೊಂದು ಸರಿಯಾಗಿ ಕೂತವು. ಅಧ್ಯಕ್ಷರದ್ದು ನಿಂತರೆ ಬಿಗಿ, ಒರಗಿದರೆ ಸರಿ.

ಅಂಗಿ ಹಂಚಿದ ದಿನ ಮಧ್ಯಾಹ್ನ ಲಕ್ಕಯ್ಯ ತನ್ನದನ್ನು ತೊಟ್ಟುಕೊಂಡೇ ಅಂಗಡಿಗೆ ಬಂದ. ಉಪ್ಪಿನ ಮೂಟೆಯ ಮೇಲೆ ಕೂತ. ಕೆಮ್ಮು ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಹೆಚ್ಚಾಗದೆ ಅಲ್ಲಿಗೇ ನಿಂತಿತ್ತು. ತೋಟದಲ್ಲಿ ಹೂವಿನ ಮೊಗ್ಗು ಬಿರಿಯುವ ಹಂತದಲ್ಲಿತ್ತು.

“ಅವತ್ತು ಟ್ರಂಕಿನ ಮೇಲೆ ಕೂತಿದ್ದೆಯಲ್ಲ ಬಸವ” ಎಂದ ಲಕ್ಕಯ್ಯ. “ನಿದ್ದೆ ಬಂದಿತ್ತಾ?”

“ಬಂದಿತ್ತು ಮಾರಾಯ. ಹೂವಿನ ವಾಸ್ನೆಗೆ ನಂಗೆ ಎಚ್ಚರನೇ ಇರಲ್ಲ, ಗೊತ್ತಲ್ಲ.”

“ನೀನು ನಿದ್ದೆ ಮಾಡಿದ್ರೆ ಗೊರಕೆ ಹೊಡಿತೀಯ. ಅವತ್ತು ಹೊಡೀಲಿಲ್ಲ.”

ಬಸವರಾಜಪ್ಪನವರು ಹಗ್ಗದ ಉಂಡೆಯನ್ನು ಅತ್ತಿತ್ತ ಸರಿಸಿದರು. “ಗೊತ್ತಾಗಿದ್ರೆ ಎಬ್ಬಿಸ್ಬಹುದಿತ್ತಲ್ಲ.”

“ಹೆದರಿಕೆ ಆಗಿತ್ತು” ಎಂದ ಲಕ್ಕಯ್ಯ. “ಬೆಂಕಿಗಲ್ಲ. ಆ ಅಂಗಿಗೆ. ಅದನ್ನ ಯಾರ ಹತ್ರ ಹೇಳ್ಲಿ? ನೀನೆಲ್ಲಿ ಎದ್ದುಬಿಡ್ತೀಯೋ ಅಂತ ದೇವರ ಹೆಸರು ಹೇಳ್ತಾ ನಿಂತಿದ್ದೆ.”

ಬಸವರಾಜಪ್ಪನವರು ಹಗ್ಗದ ಉಂಡೆಯನ್ನು ಬದಿಗಿಟ್ಟರು. ಆಮೇಲೆ ದಿನಾ ಮಧ್ಯಾಹ್ನ ಮಾಡುವುದನ್ನೇ ಮಾಡಿದರು. ಗೋಣಿಚೀಲಗಳಿಗೆ ಒರಗಿ ಕಣ್ಣು ಮುಚ್ಚಿದರು. ಲಕ್ಕಯ್ಯ ಎದ್ದು ಹೋಗದೆ ಕಿವಿಗೊಟ್ಟು ಕೂತ. ಸ್ವಲ್ಪ ಹೊತ್ತಿನ ಮೇಲೆ ಗೊರಕೆ ಶುರುವಾಯಿತು. ಈ ಸಲದ್ದು ನಿಜವಾದದ್ದೇ. ಅವನು ಮೆಲ್ಲಗೆ ಎದ್ದು, ಒಂದು ಸೇರು ಉಪ್ಪನ್ನು ತಾನೇ ತೂಗಿಕೊಂಡು, ಬಾಗಿಲು ಓರೆ ಮಾಡಿ ಮನೆಗೆ ಹೋದ.